ಬ್ಯಾಟರಿ ಗಾಡಿಯ ಬೆಂಕಿ ಮತ್ತು ನಮ್ಮ ಪಡಸಾಲಿಯ ಹತ್ತಿ

ಬ್ಯಾಟರಿ ಸ್ಕೂಟರ್ ಮಾತು ಬಂದರೆ ಸಾಕು, "ಅದು ಸುಟ್ಟು ಹೋಗ್ತೈತಂತಲ್ಲ" ಅಂತಾರೆ ನಮ್ಮ ಕಲ್ಲೂರು ಕಡೆ. ಹಂಗ ಅನ್ನುವವರ ಮನೆ ಮೂಲ್ಯಾಗ ಎಣ್ಣೆ ಹೊಡೆಯುವ ಪಂಪಿಗೆಂದು ತಂದ ಪೆಟ್ರೋಲ್ ಬಾಟಲಿ ಇರುತ್ತದೆ. ಅದಕ್ಕೆ ಯಾರೂ ಅಂಜೋದಿಲ್ಲ, ರೂಢಿ ಆಗಿಬಿಟ್ಟೈತಿ.

ಲೆಕ್ಕ ನೋಡಿದರೆ ಪೆಟ್ರೋಲ್, ಡೀಸೆಲ್ ಗಾಡಿಗಳೇ ಹೆಚ್ಚು ಸುಡುತ್ತವೆ. ಸ್ವೀಡನ್ ದೇಶದಲ್ಲಿ 2022ರಲ್ಲಿ ಬ್ಯಾಟರಿ ಮತ್ತು ಹೈಬ್ರಿಡ್ ಸೇರಿ ಸುಮಾರು 6 ಲಕ್ಷ ಕಾರುಗಳ ಪೈಕಿ ಬೆಂಕಿ ಹತ್ತಿದ್ದು 23ಕ್ಕೆ. ಪೆಟ್ರೋಲ್-ಡೀಸೆಲ್ಲಿನ 44 ಲಕ್ಷ ಕಾರುಗಳಲ್ಲಿ ಸುಮಾರು 3,400ಕ್ಕೆ. ಅದು ತಂಪಿನ ದೇಶ, ಅವು ಕಾರುಗಳು. ನಮ್ಮ ಬಿಸಿಲಿನ ಸ್ಕೂಟರಿಗೆ ಅದೇ ಲೆಕ್ಕ ಹಚ್ಚೋಕಾಗೋದಿಲ್ಲ. ಆದರೂ ಇಲ್ಲೇ ಕರ್ನೂಲು ಹತ್ತಿರ 2025ರ ಅಕ್ಟೋಬರ್ 24ರಂದು ಬಸ್ಸಿನಡಿ ಬೈಕ್ ಸಿಕ್ಕು ಬೆಂಕಿ ಹತ್ತಿ 19 ಪ್ರಯಾಣಿಕರು ಸತ್ತರಲ್ಲ, ಆವಾಗ ಡೀಸೆಲ್ ಬಸ್ಸೇ ಬ್ಯಾಡ ಅಂದವರನ್ನು ನಾನು ಕಾಣಲಿಲ್ಲ.

ನನ್ನ ಅಂಜಿಕೆ ಬೇರೆ. ಪೆಟ್ರೋಲ್ ಬೈಕಿಗೆ ಹೆಚ್ಚಾಗಿ ರಸ್ತೆ ಮೇಲೆ ಬೆಂಕಿ ಹತ್ತುತ್ತದೆ, ಇಳಿದು ದೂರ ಓಡಬಹುದು. ಬ್ಯಾಟರಿ ಗಾಡಿ ನಿಂತಲ್ಲೇ, ಚಾರ್ಜಿಗೆ ಹಾಕಿದಾಗಲೂ ಹೊತ್ತಬಹುದು, ನಾವು ಮಲಗಿದ ವೇಳೆಯಲ್ಲಿ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಹೀಗೇ ರಾತ್ರಿ ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರ್ ಹೊತ್ತಿ ತಂದೆ-ಮಗಳು ಹೊಗೆಗೆ ಉಸಿರು ಕಟ್ಟಿ ಸತ್ತರು. ಬ್ಯಾಟರಿಯೊಳಗೆ ಒಂದು ಸೆಲ್ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ. ಆರಿತು ಅಂದದ್ದು ಮತ್ತೆ ಹೊತ್ತುತ್ತದೆ. ನಾಲ್ಕು ಕೊಡ ನೀರಿಗೆ ಬಗ್ಗೋದಲ್ಲ.

ಇನ್ನು ನಮ್ಮ ಮನೆಗಳನ್ನು ನೋಡ್ರಿ. ರೇಟಿಗೆ ಕಾಯುತ್ತ ಪಡಸಾಲಿ ತುಂಬ ಹತ್ತಿ ಒಟ್ಟಿರುತ್ತೇವೆ. ಹಿತ್ತಲದಾಗ ಜೋಳದ ಸೊಪ್ಪಿ ಬಣವಿ. ಬಾಗಿಲು ಒಂದೇ. ಆ ಬಾಗಿಲಿಗೆ ಅಡ್ಡ ಸ್ಕೂಟರ್ ನಿಲ್ಲಿಸಿ, ತೇಪೆ ಹಚ್ಚಿದ ವೈರಿನಿಂದ ರಾತ್ರಿ ಇಡೀ ಚಾರ್ಜಿಗೆ ಹಾಕಿದರೆ ಹೊರಗೆ ಬರೋದು ಎಲ್ಲಿಂದ? ಮಾರುವವರು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಅಂತ ಹೇಳ್ತಾರ, ಗಾಡಿ ಎಲ್ಲಿಟ್ಟು ಚಾರ್ಜ್ ಮಾಡಬೇಕು ಅನ್ನೋದನ್ನ ನಾವಾಗಿ ಕೇಳಬೇಕು.

ಚಾರ್ಜ್ ಹಗಲು ಹೊತ್ತಿನಲ್ಲಿ, ಮನೆ ಹೊರಗೆ ಆಗಲಿ. ಪ್ಲಗ್ಗಿಗೆ ಅರ್ಥಿಂಗ್ ಇರಲಿ, ಚಾರ್ಜರ್ ಗಾಡಿ ಜೋಡಿ ಬಂದದ್ದೇ ಇರಲಿ. ಬ್ಯಾಸಿಗಿಯಲ್ಲಿ ಓಡಿಸಿ ತಂದ ಕೂಡಲೇ ಹಾಕಬ್ಯಾಡ್ರಿ, ತಣ್ಣಗಾಗಲಿ. 2022ರ ಡಿಸೆಂಬರ್‌ನಿಂದ ಕೇಂದ್ರ ಸರಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿದೆ. ಅದಕ್ಕೂ ಹಿಂದಿನ ಹಳೇ ಗಾಡಿ ಅಗ್ಗಕ್ಕೆ ಸಿಕ್ಕರೆ ಎರಡು ಸಲ ವಿಚಾರ ಮಾಡ್ರಿ. ಹೊಗೆ ಕಂಡರೆ ಆರಿಸಲು ನಿಲ್ಲದೆ ಮಂದಿಯನ್ನು ಹೊರಗೆ ಹಾಕಿ 112ಕ್ಕೆ ಫೋನ್ ಮಾಡ್ರಿ. ಬಣವಿಯಿಂದ ದೂರ ನಾಲ್ಕು ತಗಡಿನ ನೆರಳು ಹಾಕಲು ಭಾಳ ಖರ್ಚಿಲ್ಲ, ಹತ್ತಿ ಬಿಡಿಸೋಕೆ ಶುರು ಆಗುವ ಮೊದಲೇ ಹಾಕಿಕೊಳ್ರಿ.