ಹದಿನಾರು ಹುಸಿನೊಣಗಳು

ಮನೆವಾರ್ತೆಯಲ್ಲಿ ಮಿತವ್ಯಯವನ್ನು ಕುರಿತು ನಾನು ಈ ಪುಟಗಳಲ್ಲಿ ಆಗಾಗ ಬರೆಯುತ್ತಿರುವುದನ್ನು ವಾಚಕರು ಬಲ್ಲರು. ಈ ಸಲದ ವಿಷಯವು ಮೀನಿನ ಗಾಳವೆಂದರೆ ಕೆಲವರು ಹುಬ್ಬೇರಿಸಿಯಾರು. ಶಾಕಾಹಾರಿಯೂ, ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಾವಳಿಯನ್ನು ಬಾಯಿಪಾಠ ಮಾಡಿಸಿದವನೂ ಆದ ಈ ಮೇಷ್ಟರಿಗೂ ಗಾಳಕ್ಕೂ ಎತ್ತಣ ಸಂಬಂಧವೆಂದು ಕೇಳುವುದು ನ್ಯಾಯವೇ. ಸಂಬಂಧವು ನನ್ನ ಮೊಮ್ಮಗನ ಮೂಲಕ ಬಂದಿತು. ನನ್ನ ಮಗಳು ಸಂಸಾರಸಮೇತಳಾಗಿ ಸ್ಕಾಟ್ಲಂಡಿನ ಪರ್ತ್ ಎಂಬ ಊರಿನಲ್ಲಿದ್ದಾಳೆ. ಊರ ನಡುವೆಯೇ ಟೇ ನದಿಯು ಹರಿಯುತ್ತದೆ. ಹದಿಮೂರು ವರ್ಷದ ಹುಡುಗನಿಗೆ ಆ ನದಿಯಲ್ಲಿ ಟ್ರೌಟ್ ಹಿಡಿಯುವ ಹುಚ್ಚು ಹತ್ತಿದೆ.

ಕಳೆದ ವಸಂತದಲ್ಲಿ ನಾನು ಅಲ್ಲಿಗೆ ಹೋದಾಗ ಅವನು ಬಹಳ ಖಿನ್ನನಾಗಿದ್ದನು. ತನ್ನ ಉಳಿತಾಯವನ್ನೆಲ್ಲ ಸುರಿದು, ಅರುವತ್ತು ನೊಣಗಳುಳ್ಳ ಅಗ್ಗದ ಪೆಟ್ಟಿಗೆಯೊಂದನ್ನು ಯಾವುದೋ ಅಂಗಡಿಯಿಂದ ತರಿಸಿದ್ದನಂತೆ. ಮೊದಲನೆಯ ದಿನವೇ ಒಂದು ಒಳ್ಳೆಯ ಮೀನು ಕಚ್ಚಿತು, ಅರೆನಿಮಿಷ ಎಳೆದಾಡಿತು, ಆಮೇಲೆ ದಾರವು ಸಡಿಲವಾಯಿತು. ಎಳೆದು ನೋಡಿದರೆ ಕೊಕ್ಕೆಯು ಸೂಜಿಯಂತೆ ನೆಟ್ಟಗಾಗಿತ್ತು! ಅವನ ಬಾಳಿನ ಮೊದಲನೆಯ ಮೀನು ಅದು. "ತಾತ, ಉಳಿದ ಐವತ್ತೊಂಬತ್ತೂ ಹೀಗೇನಾ?" ಎಂದು ಕೇಳಿದನು. ಒಂದೊಂದನ್ನೇ ಉಗುರಿನ ಮೇಲೆ ಒತ್ತಿ ನೋಡಿದೆವು. ಬಹುಪಾಲು ಹಾಗೆಯೇ ಇದ್ದವು. ಅವನ ಅಜ್ಜಿಯು ನನ್ನ ಕೈಯಲ್ಲಿ ಅವನಿಗೆಂದು 30 ಪೌಂಡು ಕಳುಹಿಸಿದ್ದಳು. ಅದನ್ನು ಮತ್ತೆ ಹಾಗೆಯೇ ನೀರಿಗೆ ಹಾಕಬಾರದೆಂಬುದು ನನ್ನ ಹಟ. ಹೀಗೆ ಈ ಶಾಸ್ತ್ರಕ್ಕೆ ನನ್ನ ಪ್ರವೇಶವಾಯಿತು.

ಮೊದಲು ಪದಾರ್ಥವೇನೆಂದು ಹೇಳಿಬಿಡುತ್ತೇನೆ. ಹುಸಿನೊಣವೆಂದರೆ ಸಣ್ಣ ಉಕ್ಕಿನ ಕೊಕ್ಕೆಗೆ ರೇಷ್ಮೆ ಎಳೆಯನ್ನು ಸುತ್ತಿ, ಹಕ್ಕಿಯ ಗರಿಯನ್ನೋ ಪ್ರಾಣಿಯ ತುಪ್ಪುಳನ್ನೋ ಕಟ್ಟಿ, ಹುಳುವಿನ ಭ್ರಾಂತಿಯನ್ನು ಹುಟ್ಟಿಸುವ ಒಂದು ಕೈಗೆಲಸ. ಇವುಗಳಲ್ಲಿ ಎರಡು ಜಾತಿ. ನೀರ ಮೇಲೆ ತೇಲತಕ್ಕದ್ದು ಡ್ರೈ ಫ್ಲೈ. ನೀರೊಳಗೆ ಮುಳುಗತಕ್ಕದ್ದು ವೆಟ್ ಫ್ಲೈ. ನಾನು ಇವನ್ನು ತೇಲುನೊಣ, ಮುಳುಗುನೊಣ ಎಂದು ಕರೆಯುತ್ತೇನೆ. ತೇಲುನೊಣಕ್ಕೆ ಹುಂಜದ ಬಿರುಸಾದ ಗರಿಯು ಬೇಕು. ಮುಳುಗುನೊಣಕ್ಕೆ ಹೇಂಟೆಯ ಅಥವಾ ಕೌಜುಗದ ಮೆತ್ತನೆಯ ಗರಿ. ಈ ಮೆದುಗರಿಯು ಪ್ರವಾಹದಲ್ಲಿ ಮುದುಡಿ ಅರಳಿ ಕಾಲಾಡಿಸುವ ಹುಳುವಿನಂತೆ ತೋರುತ್ತದೆ. ಟ್ರೌಟ್ ಮೀನು ತನ್ನ ಆಹಾರದ ಬಹುಭಾಗವನ್ನು ನೀರಿನೊಳಗೇ ತಿನ್ನುವುದು. ಹೊಳೆಯ ಕಲ್ಲುಗಳ ಸಂದಿನಲ್ಲಿ ಬೆಳೆದ ಮರಿಹುಳು ರೆಕ್ಕೆ ಪಡೆಯುವ ಹೊತ್ತಿಗೆ ಮೇಲಕ್ಕೆ ಏರಿಬರುತ್ತದೆ. ಪೊರೆ ಬಿಡುವ ಆ ಕ್ಷಣದಲ್ಲಿ ಅದಕ್ಕೆ ಓಡುವ ಶಕ್ತಿಯಿಲ್ಲ. ಮೀನಿಗೆ ಅದೇ ಸುಗ್ಗಿ. ಮುಳುಗುನೊಣವು ಅನುಕರಿಸುವುದು ಈ ಅಸಹಾಯ ಸ್ಥಿತಿಯನ್ನು.

ಎಷ್ಟು ಬಗೆ ಬೇಕು? ಅಂಗಡಿಯವನನ್ನು ಕೇಳಿದರೆ ನೂರೆನ್ನುವನು. ಹಳಬರನ್ನು ಕೇಳಬೇಕು. ಡೇಮ್ ಜೂಲಿಯಾನ ಬರ್ನರ್ಸ್ ಎಂಬಾಕೆಯ ಹೆಸರಿನಲ್ಲಿ ಪ್ರಸಿದ್ಧವಾಗಿ 1496ರಲ್ಲಿ ಅಚ್ಚಾದ ಗಾಳದ ಗ್ರಂಥದಲ್ಲಿಯೇ ಹನ್ನೆರಡು ನೊಣಗಳ ವಿಧಿಯಿದೆ. ಇಡೀ ವರ್ಷಕ್ಕೆ ಹನ್ನೆರಡು! ಎಡಿನ್‌ಬರೋ ನಗರದ ಡಬ್ಲ್ಯು. ಸಿ. ಸ್ಟೀವರ್ಟ್ ಎಂಬವನು 1857ರಲ್ಲಿ ಬರೆದ ಪುಸ್ತಕದಲ್ಲಿ ಇನ್ನೂ ಲಾಘವವನ್ನು ತೋರಿಸಿದನು. ಕಪ್ಪು, ಕೆಂಪು, ಬೂದು ಎಂಬ ಮೂರು ಜೇಡಗಳು ಅವನ ಹೆಸರಿನಿಂದಲೇ ಖ್ಯಾತವಾಗಿವೆ. ಜೇಡವೆಂದರೆ ರೆಕ್ಕೆಯಿಲ್ಲದೆ ರೇಷ್ಮೆಯ ಮೈ, ಒಂದೆರಡು ಸುತ್ತು ಗರಿ ಮಾತ್ರವುಳ್ಳ ನೊಣ. ನೊಣದ ಬಗೆಗಿಂತ ಗಾತ್ರವೂ ಕೈಚಳಕವೂ ಮುಖ್ಯವೆಂಬುದು ಅವನ ಮತ. ಸೂತ್ರಕಾರರನ್ನು ಓದಿದ ನನಗೆ ಆ ಮನುಷ್ಯನು ಬಹಳ ಹಿಡಿಸಿದನು.

ನೆರೆಮನೆಯಲ್ಲಿ ಒಬ್ಬ ವೃದ್ಧರಿದ್ದರು. ಎಳೆತನದಿಂದ ಟೇ ನದಿಯಲ್ಲಿ ಗಾಳ ಹಾಕಿದವರು. ನಾವು ಮೂವರೂ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಪಟ್ಟಿಯನ್ನು ಮಾಡಿದೆವು. ಹುಡುಗನು ಇಪ್ಪತ್ತೆರಡು ಹೆಸರುಗಳನ್ನು ಬರೆದಿದ್ದನು. ನಾನು ಕೆಂಪು ಪೆನ್ಸಿಲು ಹಿಡಿದೆನು, ಅಭ್ಯಾಸಬಲ!

ಮೊದಲು ಉಳಿದದ್ದು ಸ್ಟೀವರ್ಟನ ಕಪ್ಪು ಜೇಡ. ಕಂದು ರೇಷ್ಮೆ, ಸ್ಟಾರ್ಲಿಂಗ್ ಹಕ್ಕಿಯ ಮಿನುಗುವ ಕರಿಗರಿ. "ಒಂದೇ ನೊಣವೆಂದರೆ ನಾನು ಇದನ್ನೇ ತೆಗೆದುಕೊಳ್ಳುವೆನು" ಎಂದು ವೃದ್ಧರು ಹೇಳಿದರು. ಏಕೆಂದರೆ ನೀರಮೇಲೆ ಬೀಳುವ ಚಿಲ್ಲರೆ ಕರಿಹುಳುಗಳು ಎಲ್ಲ ಕಾಲದಲ್ಲಿಯೂ ಇರುತ್ತವೆ. ಎರಡನೆಯದು ಕಿತ್ತಳೆಬಣ್ಣದ ರೇಷ್ಮೆಗೆ ಕೌಜುಗದ ಕಂದುಗರಿಯನ್ನು ಸುತ್ತಿದ ಪಾರ್ಟ್ರಿಜ್ ಅಂಡ್ ಆರೆಂಜ್. ಮೂರನೆಯದು ವಾಟರ್‌ಹೆನ್ ಬ್ಲೋವ: ಹಳದಿ ರೇಷ್ಮೆಯ ಮೇಲೆ ಮೋಲ್ ಎಂಬ ಬಿಲಪ್ರಾಣಿಯ ತುಪ್ಪುಳನ್ನು ತೆಳುವಾಗಿ ಹೊಸೆದು ನೀರುಕೋಳಿಯ ಬೂದುಗರಿಯನ್ನು ಕಟ್ಟಿದ್ದು. ವಸಂತದ ಚಳಿಯಲ್ಲಿ ಏಳುವ ಆಲಿವ್ ಎಂಬ ಹುಳುಗಳಿಗೆ ಇದು ಪ್ರತಿರೂಪ. ಈ ಎರಡೂ ಇಂಗ್ಲೆಂಡಿನ ಯಾರ್ಕ್‌ಷೈರಿನ ಹೊಳೆಗಳ ಸಂಪ್ರದಾಯಕ್ಕೆ ಸೇರಿದವು. ಆದರೆ ಟ್ರೌಟ್ ಮೀನಿಗೆ ಪ್ರಾಂತಾಭಿಮಾನವಿಲ್ಲ. ನಾಲ್ಕನೆಯದಾದ ಗ್ರೀನ್‌ವೆಲ್ಸ್ ಗ್ಲೋರಿ ಮಾತ್ರ ಟ್ವೀಡ್ ನದಿಯ ಮಗು. 1854ರಲ್ಲಿ ವಿಲಿಯಂ ಗ್ರೀನ್‌ವೆಲ್ ಎಂಬ ಪಾದ್ರಿಯು ಹೇಳಿ, ಸ್ಪ್ರೌಸ್ಟನ್ನಿನ ಜೇಮ್ಸ್ ರೈಟ್ ಎಂಬವನು ಕಟ್ಟಿದ್ದು. ಕಟ್ಟಿದವನ ಹೆಸರು ಹೋಗಿ ಹೇಳಿದವನ ಹೆಸರು ಉಳಿಯಿತೆಂಬುದನ್ನು ಹುಡುಗನು ಅನ್ಯಾಯವೆಂದನು. ನನಗೂ ಹಾಗೆಯೇ ತೋರಿತು.

ಸರೋವರಕ್ಕೆ ಎರಡು ಬೇರೆ: ಬ್ಲ್ಯಾಕ್ ಪೆನಲ್ ಮತ್ತು ಇನ್ವಿಕ್ಟ. ಗಾಳಿ ಬೀಸಿ ಅಲೆಯೆದ್ದಾಗ ಅಲ್ಲಿ ಸ್ವಲ್ಪ ದಪ್ಪವಾದ ನೊಣವೇ ಕಾಣುವುದು. ಪೀಟರ್ ರಾಸ್, ಬುಚರ್ ಮೊದಲಾದ ತಳುಕಿನ ನೊಣಗಳನ್ನು ಬಿಡಲು ಹುಡುಗನಿಗೆ ಮನಸ್ಸಿರಲಿಲ್ಲ. ಬೆಳ್ಳಿತಂತಿಯ ಹೊಳಪಿಗೆ ಮೀನಿಗಿಂತ ಮೊದಲು ಗಿರಾಕಿಯು ಸಿಕ್ಕಿಬೀಳುತ್ತಾನೆ. ಮುಂದಿನ ಹುಟ್ಟುಹಬ್ಬಕ್ಕೆ ಎಂದು ಒಪ್ಪಿಸಿದೆವು.

ಇನ್ನು ಸಂಖ್ಯೆ. ಇಲ್ಲಿಯೇ ಹೊಸಬರು ತಪ್ಪುವುದು. ಅರುವತ್ತು ಬಗೆಯಲ್ಲಿ ಒಂದೊಂದಿರುವುದಕ್ಕಿಂತ ಆರು ಬಗೆಯಲ್ಲಿ ಎರಡು ಮೂರಿರುವುದು ಮೇಲು. ಏಕೆಂದರೆ ಮೀನು ಕಚ್ಚುತ್ತಿರುವ ನೊಣವೇ ದಡದ ಮರಕ್ಕೆ ಸಿಕ್ಕಿಹೋಗುವುದು. ಆಗ ಅದರ ಜೊತೆಯದು ಪೆಟ್ಟಿಗೆಯಲ್ಲಿಲ್ಲದಿದ್ದರೆ ಉಳಿದ ಐವತ್ತೊಂಬತ್ತರಿಂದ ಪ್ರಯೋಜನವೇನು? ಹೊಳೆಯ ಮೊದಲ ಮೂರು ಬಗೆಗಳಲ್ಲಿ ಮೂರು ಮೂರು, ಗ್ರೀನ್‌ವೆಲ್ ಎರಡು, ಪೆನಲ್ ಮೂರು, ಇನ್ವಿಕ್ಟ ಎರಡು: ಒಟ್ಟು ಹದಿನಾರು. ಗಾತ್ರದಲ್ಲಿ ಹೊಳೆಯವು 14ನೆಯ ಸಂಖ್ಯೆ, ಸರೋವರದವು 12. ಈ ಕೊಕ್ಕೆಗಳಲ್ಲಿ ಅಂಕಿ ಹೆಚ್ಚಿದಷ್ಟೂ ವಸ್ತು ಕಿರಿದಾಗುವುದೆಂಬುದನ್ನು ಮರೆಯಬಾರದು, ತರಗತಿಯ ರ‍್ಯಾಂಕಿನಂತೆ. ಒಂದಕ್ಕೆ ಒಂದೂಕಾಲು ಪೌಂಡಿನಂತೆ 20 ಪೌಂಡು ಆಯಿತು. ಅಗ್ಗದ ಅರುವತ್ತಕ್ಕೆ ಹುಡುಗನು ಕೊಟ್ಟದ್ದು ಇದಕ್ಕಿಂತ ಹೆಚ್ಚು!

ಕೊಳ್ಳುವಾಗ ಪರೀಕ್ಷಿಸತಕ್ಕದ್ದು ಇಷ್ಟು. ಕೊಕ್ಕೆಯ ಮೊನೆಯನ್ನು ಮರದ ತುಂಡಿಗೆ ಚುಚ್ಚಿ ಮೆಲ್ಲಗೆ ಎಳೆಯಬೇಕು. ಬಾಗಿ ಮರಳಿದರೆ ಒಳ್ಳೆಯದು, ಬಾಗಿ ಹಾಗೆಯೇ ನಿಂತರೆ ಬೇಡ. ದಾರ ಪೋಣಿಸುವ ಕಣ್ಣಿನಲ್ಲಿ ಮೆರುಗೆಣ್ಣೆ ತುಂಬಿರಬಾರದು. ತಲೆಯ ಗಂಟನ್ನು ಉಗುರಿನಿಂದ ಕೆದಕಿದರೆ ಸಡಿಲಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಗರಿಯು ವಿರಳವಾಗಿರಬೇಕು. ಅಗ್ಗದವನು ನೊಣವನ್ನು ಪೊರಕೆಯಂತೆ ಕಟ್ಟುತ್ತಾನೆ. ಅದು ಕಣ್ಣಿಗೆ ತುಂಬ, ನೀರಿಗೆ ಹಗುರ. ಒಂದು ಲೋಟ ನೀರಿನಲ್ಲಿ ಅದ್ದಿ ನೋಡಿದರೆ ಗುಟ್ಟು ಬಯಲಾಗುವುದು. ಒಳ್ಳೆಯದು ಒಡನೆಯೇ ಮುಳುಗಿ ಮುದುಡುತ್ತದೆ. ಎಲ್ಲಿ ಮಾಡಿದ್ದೆಂದು ಜರೆಯಬೇಕಾಗಿಲ್ಲ. ಬ್ರಿಟನ್ನಿನ ಅಂಗಡಿಗಳಲ್ಲಿ ಮಾರುವ ಎಷ್ಟೋ ನೊಣಗಳನ್ನು ಕೆನ್ಯಾ ದೇಶದ ಕೈಗಳು ಕಟ್ಟಿವೆ. ಅವುಗಳಲ್ಲಿ ಬಹಳ ಚೆನ್ನಾದವೂ ಉಂಟು.

ಉಳಿದ 10 ಪೌಂಡು ಅನುಮತಿಪತ್ರಕ್ಕೆ. ಸ್ಕಾಟ್ಲಂಡಿನಲ್ಲಿ ಟ್ರೌಟಿಗೆ ಸರಕಾರದ ಲೈಸೆನ್ಸು ಇಲ್ಲ. ಆದರೆ ನೀರಿನ ಹಕ್ಕುದಾರರ ಅಪ್ಪಣೆಯಿಲ್ಲದೆ ಗಾಳವಿಳಿಸಕೂಡದು. ಕಂದು ಟ್ರೌಟಿನ ಕಾಲವು ಮಾರ್ಚ್ 15ರಿಂದ ಅಕ್ಟೋಬರ್ 6ರ ವರೆಗೆ. ನಮ್ಮ ದೇಶಕ್ಕೂ ಈ ಮೀನನ್ನು ಆಂಗ್ಲರು ತಂದು ಬಿಟ್ಟರು. ಕಾಶ್ಮೀರದ ಹೊಳೆಗಳಿಗೆ ಅದು 1900ರಲ್ಲಿ ಬಂದಿತು. ಅಲ್ಲಿಗೆ ಹೋಗುವವರಿಗೂ ಈ ಪಟ್ಟಿಯು ಒದಗೀತು.

ಹಿಂಸೆಯ ಮಾತನ್ನು ಹೇಳದೆ ಇರಲಾರೆನು. ಮೊಮ್ಮಗನನ್ನು ನಾನು ತಡೆಯಲಿಲ್ಲ. ಒಂದು ಒಪ್ಪಂದವನ್ನು ಮಾತ್ರ ಕೇಳಿದೆನು. ಪ್ರತಿಯೊಂದು ಕೊಕ್ಕೆಯ ಹಿಮ್ಮುಳ್ಳನ್ನೂ ಚಿಮುಟದಿಂದ ಒತ್ತಿ ಮಟ್ಟ ಮಾಡತಕ್ಕದ್ದು, ಹಿಡಿದ ಮೀನನ್ನು ಒದ್ದೆಗೈಯಿಂದ ಬಿಡಿಸಿ ನೀರಿಗೇ ಬಿಡತಕ್ಕದ್ದು. ಅವನು ಒಪ್ಪಿದನು. ಇದರಿಂದ ಮೀನಿನ ನೋವು ಪೂರ್ತಿಯಾಗಿ ತಪ್ಪಿತೆಂದು ನಾನು ವಾದಿಸುವುದಿಲ್ಲ. ಅವನ ಅಜ್ಜಿಗೆ ಈ ಸಮಾಧಾನವು ಇಂದಿಗೂ ಸಾಲದು. ಟೆಲಿಫೋನಿನಲ್ಲಿ ಅವಳು ಅವನನ್ನು ಪಾಠದ ವಿಷಯವಾಗಿ ಕೇಳುವಳೇ ಹೊರತು ನದಿಯ ವಿಷಯವನ್ನು ಎತ್ತುವುದಿಲ್ಲ.

ಮೇ ತಿಂಗಳ ಒಂದು ಸಂಜೆ ನಾನು ದಡದಲ್ಲಿ ಕೊಡೆ ಹಿಡಿದು ನಿಂತಿದ್ದೆನು. ವೃದ್ಧರ ಸಲಹೆಯಂತೆ ಮೂರರ ಬದಲು ಎರಡೇ ನೊಣಗಳನ್ನು ಕಟ್ಟಿದ್ದನು, ತುದಿಗೆ ಕೌಜುಗ, ಮೇಲಕ್ಕೆ ಕಪ್ಪು ಜೇಡ. ಎರಡಾದರೆ ದಾರ ತೊಡಕುವುದು ಕಡಮೆ. ಹೊಳೆಗೆ ಅಡ್ಡಲಾಗಿ ಎಸೆದು ಪ್ರವಾಹದೊಡನೆ ಬಿಟ್ಟನು. ಏಳೆಂಟು ಸಲ ಏನೂ ಇಲ್ಲ. ಆಮೇಲೆ ಕೋಲು ಬಾಗಿತು. ಈ ಸಲ ಕೊಕ್ಕೆಯು ಬಗ್ಗಲಿಲ್ಲ. ಗೇಣುದ್ದಕ್ಕಿಂತ ತುಸು ಹೆಚ್ಚು. ಹೊನ್ನಿನ ಮೈಮೇಲೆ ಕೆಂಪು ಚುಕ್ಕಿ. ಅವನು ನೀರಿಗೆ ಬಗ್ಗಿ ಅದನ್ನು ಬಿಟ್ಟನು. ಅದು ಅವನ ಬೂಟಿನ ಪಕ್ಕದಲ್ಲಿ ಒಂದು ಗಳಿಗೆ ನಿಂತು ಹೊರಟುಹೋಯಿತು. "ತಾತ, ಯಾವ ನೊಣಕ್ಕೆ ಬಿತ್ತು ಹೇಳು ನೋಡೋಣ" ಎಂದನು. ನಾನು ಕೌಜುಗವೆಂದೆನು. ಕಪ್ಪು ಜೇಡವಾಗಿತ್ತು.

ಅಕ್ಟೋಬರಿನಲ್ಲಿ ಅವನಿಂದ ಲೆಕ್ಕ ಬಂದಿತು: ಹದಿನಾರರಲ್ಲಿ ಒಂಬತ್ತು ಉಳಿದಿವೆ, ಐದು ಮರಗಳ ಪಾಲು, ಒಂದು ಬಂಡೆಯ ಪಾಲು, ಇನ್ನೊಂದನ್ನು ನೆರೆಮನೆಯ ವೃದ್ಧರು ಎರವಲು ತೆಗೆದುಕೊಂಡು ಇನ್ನೂ ಹಿಂದಿರುಗಿಸಿಲ್ಲ.