ಆ್ಯಪ್ ನಮ್ಮದು, ಬಾಗಿಲ ಕೀಲಿ ಯಾರದು?

ನಮ್ಮ ಹಾಸ್ಟೆಲ್‌ನಲ್ಲಿ ಎಂದೂ ಮುಗಿಯದ ಜಗಳವೊಂದಿದೆ. ಐಫೋನ್ ಮೇಲೋ, ಆ್ಯಂಡ್ರಾಯ್ಡ್ ಮೇಲೋ? ರಾತ್ರಿ ಊಟವಾದ ಮೇಲೆ ಯಾರಾದರೂ ಒಬ್ಬರು ಕಿಡಿ ಹಚ್ಚುತ್ತಾರೆ. ಕ್ಯಾಮೆರಾ, ಬ್ಯಾಟರಿ, ಬೆಲೆ, ಗತ್ತು ಎಲ್ಲವೂ ಚರ್ಚೆಗೆ ಬರುತ್ತವೆ. ನಮ್ಮ ರೂಮಿನ ನಾಲ್ವರಲ್ಲಿ ಐಫೋನ್ ಇರುವುದು ಒಬ್ಬನ ಬಳಿ ಮಾತ್ರ. ಅದೂ ಅವನ ಅಕ್ಕ ಬಳಸಿ ಕೊಟ್ಟದ್ದು. ಆದರೂ ವಾದದಲ್ಲಿ ಅವನದೇ ಮೇಲುಗೈ!

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಶುರುವಾದ ಮೇಲೆ ಈ ಜಗಳದ ದಾರಿ ಬದಲಾಯಿತು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುವವರಿಗಾಗಿ ಕನ್ನಡದಲ್ಲೇ ಪ್ರಶ್ನೆ ಕೇಳಿ, ಉತ್ತರ ವಿವರಿಸುವ ಆ್ಯಪ್ ಮಾಡುವುದು ನಮ್ಮ ಯೋಜನೆ. ಕೋಡ್ ಬರೆಯುವುದು ಕಷ್ಟ ಎಂದುಕೊಂಡಿದ್ದೆವು. ಅದು ಹೇಗೋ ಆಯಿತು. ಜನರ ಕೈಗೆ ತಲುಪಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ನಿಜವಾಗಿ ತಲೆ ಕೆಡಿಸಿಕೊಂಡೆವು. ಯಾವ ಫೋನ್ ಚೆಂದ ಎಂಬುದಕ್ಕಿಂತ ಯಾವ ಆ್ಯಪ್ ಅಂಗಡಿಯ ನಿಯಮ ಏನು, ಅದನ್ನು ಬರೆಯುವವರು ಯಾರು ಎಂಬುದೇ ದೊಡ್ಡ ವಿಷಯ ಎಂದು ಆಗ ಅರ್ಥವಾಯಿತು.

ಪ್ರವೇಶ ಶುಲ್ಕದಲ್ಲೇ ವ್ಯತ್ಯಾಸ

ಐಫೋನ್ 2007ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಆ್ಯಪ್ ಸ್ಟೋರ್ ಇರಲಿಲ್ಲ. ಹೊರಗಿನವರು ಬ್ರೌಸರ್‌ನಲ್ಲಿ ಓಡುವ ವೆಬ್ ಆ್ಯಪ್ ಮಾಡಿದರೆ ಸಾಕು ಎಂಬುದು ಸ್ಟೀವ್ ಜಾಬ್ಸ್ ಅವರ ಮೊದಲ ನಿಲುವಾಗಿತ್ತು. 2008ರ ಜುಲೈ 10ರಂದು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್ 'ಆ್ಯಂಡ್ರಾಯ್ಡ್ ಮಾರ್ಕೆಟ್' ಆರಂಭಿಸಿತು. 2012ರಲ್ಲಿ ಅದಕ್ಕೆ ಗೂಗಲ್ ಪ್ಲೇ ಎಂಬ ಹೊಸ ಹೆಸರು ಬಂತು.

ಇಂದು ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು. ಆ್ಯಪಲ್‌ಗೆ ಪ್ರತಿ ವರ್ಷವೂ 99 ಡಾಲರ್ ಕಟ್ಟಬೇಕು. ಕಟ್ಟುವುದನ್ನು ನಿಲ್ಲಿಸಿದರೆ ಆ್ಯಪ್ ಅಂಗಡಿಯಿಂದ ಮರೆಯಾಗುತ್ತದೆ. ಜತೆಗೆ ಐಫೋನ್ ಆ್ಯಪ್ ಸಿದ್ಧಪಡಿಸುವ ಎಕ್ಸ್‌ಕೋಡ್ ತಂತ್ರಾಂಶ ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ನಮ್ಮ ತಂಡದಲ್ಲಿರುವುದು ಮೂರು ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಐಫೋನ್ ಆ್ಯಪ್‌ನ ಚರ್ಚೆ ಅಲ್ಲಿಗೇ ಮುಗಿಯಿತು.

ಹಾಗೆಂದು ಪ್ಲೇ ಸ್ಟೋರ್ ಬಾಗಿಲು ತಳ್ಳಿದ ಕೂಡಲೇ ತೆರೆಯುವುದಿಲ್ಲ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮುನ್ನ ಕನಿಷ್ಠ 12 ಪರೀಕ್ಷಕರಿಂದ ಸತತ 14 ದಿನ ಬಳಸಿಸಿ ನೋಡಬೇಕು. ಆರಂಭದಲ್ಲಿ 20 ಮಂದಿ ಬೇಕಿತ್ತು, ಆಮೇಲೆ ಇಳಿಸಿದರು. ನಾವು ಹಾಸ್ಟೆಲ್‌ನಲ್ಲಿ ಎಂಟು ಜನರನ್ನು, ಊರಿನಲ್ಲಿ ಪರೀಕ್ಷೆಗೆ ಓದುತ್ತಿರುವ ನನ್ನ ಅತ್ತೆಯ ಮಕ್ಕಳು ಮತ್ತು ಅವರ ಗೆಳತಿಯರನ್ನು ಸೇರಿಸಿ ಲೆಕ್ಕ ಭರ್ತಿ ಮಾಡಿದೆವು. ಕಾಟ ಎಂದುಕೊಂಡು ಶುರು ಮಾಡಿದ ಕೆಲಸವದು. ಆದರೆ ಆ ಹುಡುಗಿಯರು ನಮ್ಮ ಪ್ರಶ್ನೆಗಳಲ್ಲಿ ಹನ್ನೊಂದು ತಪ್ಪು ಉತ್ತರ ಹಿಡಿದುಕೊಟ್ಟರು! ಎಲ್ಲ ನಿಯಮವೂ ಅಡ್ಡಗಾಲಲ್ಲ ಎಂದು ಒಪ್ಪಲೇಬೇಕು.

ನೂರಕ್ಕೆ ಎಷ್ಟು ಕಮಿಷನ್?

ನಮ್ಮದು ಕೋಲಾರ ಕಡೆಯ ಟೊಮೆಟೊ ಬೆಳೆಯುವ ಕುಟುಂಬ. ಮಂಡಿ, ಕಮಿಷನ್ ಎಂಬ ಪದಗಳನ್ನು ಕೇಳುತ್ತಲೇ ಬೆಳೆದವನು ನಾನು. ಮುಂದೆ ಆ್ಯಪ್‌ನಲ್ಲಿ ಮಾದರಿ ಪರೀಕ್ಷೆಗಳನ್ನು ತಿಂಗಳ ಚಂದಾಕ್ಕೆ ಕೊಟ್ಟರೆ ಹೇಗೆ ಎಂದು ಮನೆಯಲ್ಲಿ ಹೇಳುವಾಗ ಆ್ಯಪ್ ಅಂಗಡಿಗಳ ಮೂಲ ಕಮಿಷನ್ ಶೇ 30 ಎಂದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು, 'ನೂರಕ್ಕೆ ಮೂವತ್ತಾ? ಲಾರಿ ಬಾಡಿಗೆ ಅವರದಾ?' ಎಂದು ಕೇಳಿದರು.

ಆ ಪ್ರಶ್ನೆ ಸಣ್ಣದಲ್ಲ. ಈಗ ಎರಡೂ ಕಂಪನಿಗಳು ಸಣ್ಣವರಿಗೆ ರಿಯಾಯಿತಿ ಕೊಟ್ಟಿವೆ. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಆದಾಯಕ್ಕೆ ಶೇ 15 ಎಂಬ ನಿಯಮವನ್ನು 2021ರಲ್ಲಿ ಆ್ಯಪಲ್ ಮೊದಲು ಜಾರಿ ಮಾಡಿತು, ಗೂಗಲ್ ಅದೇ ವರ್ಷ ಹಿಂಬಾಲಿಸಿತು. ಹಾಗಾಗಿ ನಮ್ಮಂಥವರಿಗೆ ನೂರು ರೂಪಾಯಿಯಲ್ಲಿ 85 ಉಳಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸ್ವಿಗ್ಗಿಯಲ್ಲಿ ಬಿರಿಯಾನಿ ತರಿಸಿದರೆ, ಓಲಾದಲ್ಲಿ ಆಟೊ ಹತ್ತಿದರೆ ಈ ಕಮಿಷನ್ ಇಲ್ಲ. ಫೋನಿನಾಚೆ ಸಿಗುವ ವಸ್ತು, ಸೇವೆಗೆ ವಿನಾಯಿತಿ ಇದೆ. ಕಮಿಷನ್ ಬೀಳುವುದು ಫೋನಿನೊಳಗೇ ಬಳಕೆಯಾಗುವ ಪಾಠ, ಆಟ, ಹಾಡು, ಚಂದಾಗಳ ಮೇಲೆ. ಅಂದರೆ ಬಂಡವಾಳವಿಲ್ಲದ ವಿದ್ಯಾರ್ಥಿ ತಲೆ ಓಡಿಸಿ ಮಾಡಬಹುದಾದ ವಸ್ತುಗಳ ಮೇಲೆಯೇ!

ನೌಕರಿ ಆ್ಯಪ್ ಕಾಣೆಯಾದ ದಿನ

ಕೆಲಸ ಹುಡುಕುತ್ತಿರುವ ಓದುಗರಿಗೆ 2024ರ ಮಾರ್ಚ್ 1 ನೆನಪಿರಬಹುದು. ಅಂದು ನೌಕರಿ, 99 ಏಕರ್ಸ್, ಭಾರತ್ ಮ್ಯಾಟ್ರಿಮೊನಿ, ಶಾದಿ ಡಾಟ್ ಕಾಮ್ ಸೇರಿ ಹಲವು ಭಾರತೀಯ ಆ್ಯಪ್‌ಗಳನ್ನು ಗೂಗಲ್ ಪ್ಲೇ ಸ್ಟೋರ್‌ನಿಂದ ತೆಗೆಯಿತು. ಶುಲ್ಕದ ನಿಯಮ ಪಾಲಿಸುತ್ತಿಲ್ಲ ಎಂಬುದು ಗೂಗಲ್ ಕೊಟ್ಟ ಕಾರಣ. ಕಂಪನಿಗಳು ತಡೆ ಕೋರಿದ್ದವು, ಸುಪ್ರೀಂ ಕೋರ್ಟ್‌ನಲ್ಲಿ ಮಧ್ಯಂತರ ಪರಿಹಾರ ಸಿಕ್ಕಿರಲಿಲ್ಲ. ಮೊದಲೇ ಹಾಕಿಕೊಂಡವರ ಫೋನಿನಲ್ಲಿ ಆ್ಯಪ್ ಉಳಿಯಿತು. ಆದರೆ ಅಂದು ಹೊಸ ಫೋನ್ ಕೊಂಡು ಕೆಲಸ ಹುಡುಕಲು ಹೊರಟವರಿಗೆ ಅಂಗಡಿಯಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿತು. ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು.

ಅವು ದೊಡ್ಡ ಕಂಪನಿಗಳು. ವಕೀಲರಿದ್ದಾರೆ, ಸಚಿವರ ಗಮನಕ್ಕೆ ತರುವ ಶಕ್ತಿಯೂ ಇದೆ. ನಾಲ್ಕು ಹುಡುಗರ ಆ್ಯಪ್ ಹಾಗೆ ಮಾಯವಾದರೆ ಯಾವ ಸಚಿವರು ಸಭೆ ಕರೆಯುತ್ತಾರೆ?

ಈ ಜಗಳದ ಬೇರು ಹಿಂದಿದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 25ರಂದು ಪ್ಲೇ ಸ್ಟೋರ್‌ನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ ₹936.44 ಕೋಟಿ ದಂಡ ಹಾಕಿತ್ತು. ಗೂಗಲ್‌ನ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂಬ ಕಡ್ಡಾಯ ಬೇಡ ಎಂದಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ₹216.69 ಕೋಟಿಗೆ ಇಳಿಸಿತು. ಪ್ರಕರಣ ಈಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ.

ಕಡ್ಡಾಯ ಹೋಯಿತು, ಸರಿ. ಲೆಕ್ಕ ಹಾಕಿ ನೋಡಿ. ಬೇರೆ ಪಾವತಿ ವ್ಯವಸ್ಥೆ ಬಳಸಿದರೆ ಗೂಗಲ್ ತನ್ನ ಶುಲ್ಕದಲ್ಲಿ ನಾಲ್ಕು ಅಂಶ ಮಾತ್ರ ಬಿಡುತ್ತದೆ. ಶೇ 15 ಇದ್ದದ್ದು ಶೇ 11 ಆಗುತ್ತದೆ. ಬೇರೆ ಪಾವತಿ ಕಂಪನಿಗೆ ಸುಮಾರು ಶೇ 2 ಕೊಡಬೇಕು ಎಂದುಕೊಂಡರೆ ನೂರು ರೂಪಾಯಿಗೆ ಉಳಿಯುವುದು ಎರಡೇ ರೂಪಾಯಿ. ಅಷ್ಟಕ್ಕಾಗಿ ಹೊಸ ವ್ಯವಸ್ಥೆ ಜೋಡಿಸುವ ತಾಪತ್ರಯ ಯಾರಿಗೆ ಬೇಕು? ಕಾಗದದ ಮೇಲಿನ ಆಯ್ಕೆಗೂ ಕೈಗೆ ಸಿಗುವ ಆಯ್ಕೆಗೂ ಇರುವ ಅಂತರ ಇದು.

ಮುಚ್ಚಿದ್ದು ಗೆದ್ದಿತು, ತೆರೆದದ್ದು ಸೋತಿತು

ಎರಡೂ ಅಂಗಡಿಗಳನ್ನು ತಕ್ಕಡಿಯಲ್ಲಿಟ್ಟು ನೋಡಲು 'ಫೋರ್ಟ್‌ನೈಟ್' ಆಟದ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2020ರ ಆಗಸ್ಟ್ 13ರಂದು ಎಪಿಕ್ ಗೇಮ್ಸ್ ಕಂಪನಿ ಕಮಿಷನ್ ತಪ್ಪಿಸಿ ನೇರವಾಗಿ ಹಣ ಪಡೆಯುವ ಗುಂಡಿಯನ್ನು ಆಟದಲ್ಲಿ ಸೇರಿಸಿತು. ಅದೇ ದಿನ ಎರಡೂ ಅಂಗಡಿಗಳು ಆಟವನ್ನು ಹೊರಹಾಕಿದವು. ಎಪಿಕ್ ಅಮೆರಿಕದ ನ್ಯಾಯಾಲಯದಲ್ಲಿ ಎರಡರ ಮೇಲೂ ದಾವೆ ಹೂಡಿತು.

ಐಫೋನ್‌ನಲ್ಲಿ ಆ್ಯಪಲ್‌ನದು ಬಿಟ್ಟು ಬೇರೆ ಅಂಗಡಿಗೆ ಜಾಗವೇ ಇರಲಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಸ್ಯಾಮ್ಸಂಗ್ ಅಂಗಡಿ ಇದೆ, ಹೊರಗಿನಿಂದ ಎಪಿಕೆ ಫೈಲ್ ಹಾಕಿಕೊಳ್ಳಲೂ ಬರುತ್ತದೆ. ಹಾಗಾದರೆ ಸೋಲಬೇಕಾದವರು ಯಾರು? ಆ್ಯಪಲ್ ಎಂದೇ ನಾನು ಭಾವಿಸಿದ್ದೆ. ಆದದ್ದು ತಿರುಗುಮುರುಗು. 2021ರಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್ ಅವರ ತೀರ್ಪು ಬಹುಪಾಲು ಆ್ಯಪಲ್ ಪರ ಬಂತು. 2023ರ ಡಿಸೆಂಬರ್‌ನಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆ ಎಂದು ಜ್ಯೂರಿ ಹೇಳಿತು.

ಎರಡು ಪ್ರಕರಣಗಳಲ್ಲಿ ಮಾರುಕಟ್ಟೆಯನ್ನು ಅಳೆದ ರೀತಿಯೇ ಬೇರೆ ಎಂಬುದು ಕಾನೂನಿನ ಉತ್ತರ. ನನಗೆ ಅರ್ಥವಾದದ್ದು ಇಷ್ಟು: ಆ್ಯಪಲ್ ತಾನೇ ಫೋನ್ ಮಾಡಿ, ತನ್ನದೇ ಅಂಗಡಿ ಇಟ್ಟು, 'ಇದು ನನ್ನ ಮನೆ' ಎಂದು ಮೊದಲೇ ಬೋರ್ಡ್ ಹಾಕಿತ್ತು. ಗೂಗಲ್ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಹೇಳಿ, ಫೋನ್ ತಯಾರಕರು ಮತ್ತು ದೊಡ್ಡ ಆಟದ ಕಂಪನಿಗಳ ಜತೆ ಒಪ್ಪಂದ ಮಾಡಿಕೊಂಡು ಎದುರು ಅಂಗಡಿ ಬೆಳೆಯದಂತೆ ನೋಡಿಕೊಂಡಿತು ಎಂಬುದು ಜ್ಯೂರಿಯ ಮುಂದೆ ಬಂದ ವಾದ. ಹಾಗೆಂದು ಆ್ಯಪಲ್ ಪೂರ್ತಿ ಪಾರಾಗಲಿಲ್ಲ. ಹೊರಗಿನ ಪಾವತಿಗೆ ಲಿಂಕ್ ಕೊಡಲು ಬಿಡಿ ಎಂಬ ಆದೇಶವನ್ನು ಬೇಕೆಂದೇ ಉಲ್ಲಂಘಿಸಿದೆ ಎಂದು ಅದೇ ನ್ಯಾಯಾಧೀಶೆ 2025ರ ಏಪ್ರಿಲ್‌ನಲ್ಲಿ ಛೀಮಾರಿ ಹಾಕಿದರು.

ಹಿತ್ತಿಲ ಬಾಗಿಲಿನ ಅಪಾಯ

ಇಷ್ಟು ಓದಿದರೆ 'ಎಲ್ಲ ಬಾಗಿಲೂ ತೆಗೆಯಿರಿ' ಎನ್ನಬೇಕು ಅನಿಸುತ್ತದೆ. ನನಗೂ ಅನಿಸಿತ್ತು. ಆಮೇಲೆ ನಮ್ಮೂರಿನ ಪಕ್ಕದ ಮನೆಯವರ ಫೋನಿಗೆ ಸರ್ಕಾರಿ ಯೋಜನೆಯ ಹೆಸರಿನಲ್ಲಿ ಒಂದು ಮೆಸೇಜ್ ಬಂತು. ಜತೆಗಿದ್ದ ಎಪಿಕೆ ಫೈಲ್ ಒತ್ತಿದರು. ಕೇಳಿದ್ದಕ್ಕೆಲ್ಲ 'ಅನುಮತಿಸು' ಎಂದರು. ಒಟಿಪಿಗಳು ಅವರಿಗೆ ಗೊತ್ತಾಗದಂತೆ ಬೇರೆಯವರಿಗೆ ಹೋದವು. ಖಾತೆಯಿಂದ 38 ಸಾವಿರ ರೂಪಾಯಿ ಹೋಯಿತು. 1930ಕ್ಕೆ ಕರೆ ಮಾಡುವಷ್ಟರಲ್ಲಿ ಎರಡು ದಿನ ಕಳೆದಿತ್ತು. ತೊಗರಿ, ರಾಗಿ ಮಾರಿ ಕೂಡಿಟ್ಟಿದ್ದ ಹಣ ಅದು. ಐಫೋನ್‌ನಲ್ಲಿ ಎಪಿಕೆ ಫೈಲ್ ಓಡುವುದೇ ಇಲ್ಲ. ಆದರೆ ಐಫೋನ್ ಕೊಳ್ಳುವ ಶಕ್ತಿ ಅವರಿಗಿಲ್ಲ.

ಅಂಗಡಿಯೊಳಗೂ ಎಲ್ಲ ಸ್ವಚ್ಛವಿಲ್ಲ. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ ಪ್ಲೇ ಸ್ಟೋರ್‌ನಿಂದ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತೆಗೆಯಲಾಗಿದೆ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ತೆಗೆದದ್ದು ಒಳ್ಳೆಯದೇ, ಆದರೆ ಅಷ್ಟು ಆ್ಯಪ್‌ಗಳು ಮೊದಲು ಒಳಗೆ ಬಂದಿದ್ದವಲ್ಲ?

ಹೀಗಾಗಿ ನನ್ನ ಲೆಕ್ಕ ಇದು. ಮುಚ್ಚಿದ ಬಾಗಿಲಿನ ಬೆಲೆಯನ್ನು ಆ್ಯಪ್ ಮಾಡುವವನು ತೆರುತ್ತಾನೆ. ತೆರೆದ ಬಾಗಿಲಿನ ಬೆಲೆಯನ್ನು ಅಗ್ಗದ ಫೋನ್ ಹಿಡಿದ, ಎಚ್ಚರಿಕೆ ಓದಲು ಬಾರದ ಬಳಕೆದಾರ ತೆರುತ್ತಾನೆ. ನಮ್ಮ ದೇಶದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನ್‌ಗಳು ಆ್ಯಂಡ್ರಾಯ್ಡ್ ಆಗಿರುವುದರಿಂದ ಎರಡನೆಯ ಲೆಕ್ಕವನ್ನು ಕಡೆಗಣಿಸುವಂತಿಲ್ಲ.

ಇಬ್ಬರೂ ನಡುದಾರಿಗೆ

ಈಗ ಎರಡೂ ಕಂಪನಿಗಳು ಎದುರುಬದುರು ದಿಕ್ಕಿನಿಂದ ಹತ್ತಿರ ಬರುತ್ತಿವೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಿಂದಾಗಿ 2024ರ ಮಾರ್ಚ್‌ನಿಂದ ಅಲ್ಲಿನ ಐಫೋನ್‌ಗಳಲ್ಲಿ ಬೇರೆ ಆ್ಯಪ್ ಅಂಗಡಿಗಳಿಗೂ ಅವಕಾಶ ಸಿಕ್ಕಿದೆ. ಇತ್ತ ಗೂಗಲ್ 2025ರ ಆಗಸ್ಟ್‌ನಲ್ಲಿ ಹೊಸ ಯೋಜನೆ ಪ್ರಕಟಿಸಿತು. ಪ್ಲೇ ಸ್ಟೋರ್ ಹೊರಗಿನಿಂದ ಹಾಕುವ ಆ್ಯಪ್‌ನ ಡೆವಲಪರ್ ಕೂಡ ಗೂಗಲ್ ಬಳಿ ಗುರುತು ದೃಢಪಡಿಸಿಕೊಂಡಿರಬೇಕು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಲ್ಲಿ ಶುರು, 2027ರಿಂದ ಉಳಿದೆಡೆ ವಿಸ್ತರಣೆ ಎಂಬುದು ಯೋಜನೆ.

ನಮ್ಮ ಪಕ್ಕದ ಮನೆಯವರಂಥವರಿಗೆ ಇದು ರಕ್ಷಣೆ ಆದೀತು. ಆದರೆ ಮುಂಬಾಗಿಲಲ್ಲಿ ಕೂತಿದ್ದ ಕಾವಲುಗಾರ ಈಗ ಹಿತ್ತಿಲಲ್ಲೂ ಕೂರುತ್ತಾನೆ. ಮುಕ್ತ ತಂತ್ರಾಂಶಗಳನ್ನು ಹಂಚುವ ಎಫ್-ಡ್ರಾಯ್ಡ್‌ನಂಥ ಸಣ್ಣ ಅಂಗಡಿ ವಿರೋಧಿಸುತ್ತಿರುವುದು ಇದಕ್ಕೇ. ಗುರುತು ಕೇಳುವುದು ತಪ್ಪಲ್ಲ. ಕೇಳುವವನೇ ಅಂಗಡಿಯ ಪೈಪೋಟಿದಾರನೂ ಆಗಿದ್ದರೆ ದೂರು ಆಲಿಸುವ ಮೂರನೆಯವರು ಇರಬೇಕು ಎಂಬುದಷ್ಟೇ ನನ್ನ ವಾದ. ಬ್ಯಾಂಕ್ ತಪ್ಪು ಮಾಡಿದರೆ ಓಂಬುಡ್ಸ್‌ಮನ್ ಇದ್ದಾರೆ. ಆ್ಯಪ್ ತೆಗೆದರೆ ಸಣ್ಣ ಡೆವಲಪರ್‌ಗೆ ಅಂಥ ಸುಲಭದ ಕಟ್ಟೆ ಇಲ್ಲ.

ನಾವೇನು ಮಾಡಿದೆವು?

ಕೊನೆಗೆ ನಾವು ಮೂರು ದಾರಿ ಹಿಡಿದೆವು. ಜನ ಇರುವುದು ಅಲ್ಲೇ ಆದ್ದರಿಂದ ಮೊದಲ ಬಿಡುಗಡೆ ಪ್ಲೇ ಸ್ಟೋರ್‌ನಲ್ಲಿ. ಅದರ ಜತೆಗೇ ಬ್ರೌಸರ್‌ನಲ್ಲಿ ಓಡುವ ವೆಬ್ ಆವೃತ್ತಿ. ಅದಕ್ಕೆ ಯಾರ ಅನುಮತಿಯೂ ಬೇಡ, ಮ್ಯಾಕ್ ಕಂಪ್ಯೂಟರೂ ಬೇಡ. ರೂಮಿನ ಗೆಳೆಯ ತನ್ನ ಐಫೋನ್‌ನಲ್ಲಿ ಅದನ್ನೇ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡಿದ್ದಾನೆ. 2007ರಲ್ಲಿ ಜಾಬ್ಸ್ ಹೇಳಿದ ದಾರಿಗೇ ನಾವು ಮರಳಿದಂತಾಯಿತು! ಮೂರನೆಯದು, ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಇಂಡಸ್ ಆ್ಯಪ್‌ಸ್ಟೋರ್. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಆ ಅಂಗಡಿ ತೆರೆಯುತ್ತದೆ. ಕನ್ನಡದ ಆ್ಯಪ್ ಅನ್ನು ಕನ್ನಡದಲ್ಲೇ ಹುಡುಕುವವರು ಅಲ್ಲಿ ಸಿಗಬಹುದು ಎಂಬ ಆಸೆ.

ಆ್ಯಪ್ ಮಾಡುವ ಕನಸಿರುವ ಗೆಳೆಯರಿಗೆ ನನ್ನ ಸಲಹೆ ಇಷ್ಟೆ. ಕೋಡ್ ಬರೆಯುವ ಮುನ್ನ ಅಂಗಡಿಯ ನಿಯಮ ಓದಿ. ಬಳಕೆದಾರರ ಇ–ಮೇಲ್, ಅವರ ಅಂಕಗಳ ದಾಖಲೆಯನ್ನು ಅವರ ಒಪ್ಪಿಗೆ ಪಡೆದು ನಿಮ್ಮದೇ ಸರ್ವರ್‌ನಲ್ಲಿ ಇಡಿ. ನಾಳೆ ಒಂದು ಬಾಗಿಲು ಮುಚ್ಚಿದರೂ ಅವರನ್ನು ತಲುಪುವ ದಾರಿ ಇರುತ್ತದೆ. ಮೆಸೇಜ್‌ನಲ್ಲಿ ಬಂದ ಎಪಿಕೆ ಒತ್ತಬೇಡಿ ಎಂದು ಮನೆಯವರಿಗೆ ಇವತ್ತೇ ಹೇಳಿ.

ಸದ್ಯಕ್ಕೆ ನಮ್ಮ ಆ್ಯಪ್ ಉಚಿತ. ಚಂದಾ ವಿಷಯ ಮುಂದೆ ನೋಡೋಣ ಎಂದುಕೊಂಡಿದ್ದೇವೆ. ಅಪ್ಪನ ಪ್ರಶ್ನೆಗೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಅಂಗಡಿಯವರು ಜಾಗ ಕೊಡುತ್ತಾರೆ, ಕಾವಲು ಕಾಯುತ್ತಾರೆ, ಗಿರಾಕಿಗಳನ್ನು ಕರೆತರುತ್ತಾರೆ. ಅದಕ್ಕೆ ಕಮಿಷನ್ ಕೊಡೋಣ. ಅದು ಎಷ್ಟು ಎಂದು ಅವರೊಬ್ಬರೇ ನಿರ್ಧರಿಸುವುದು ಮಾತ್ರ ಮಂಡಿಯಲ್ಲೂ ಸರಿಯಲ್ಲ, ಮೊಬೈಲ್‌ನಲ್ಲೂ ಸರಿಯಲ್ಲ.