ಓದುಗರ ವಯಸ್ಸು ಮತ್ತು ಕನ್ನಡ ಸಂಶೋಧನೆಯ ಮೌನ

ಕನ್ನಡ ಸಾಹಿತ್ಯ ಚರಿತ್ರೆಯನ್ನು ನಾವು ಮತಧರ್ಮ, ರಾಜವಂಶ, ಛಂದೋರೂಪ, ಸಾಹಿತ್ಯಪಂಥ ಮೊದಲಾದ ಹಲವು ನೆಲೆಗಳಿಂದ ವಿಂಗಡಿಸಿ ನೋಡಿದ್ದೇವೆ. ಈಚಿನ ದಶಕಗಳಲ್ಲಿ ಜಾತಿ, ಲಿಂಗ, ಪ್ರದೇಶಗಳ ನೆಲೆಯೂ ಸೇರಿಕೊಂಡು ಈ ವಿಂಗಡಣೆ ಇನ್ನಷ್ಟು ಸೂಕ್ಷ್ಮವಾಗಿದೆ. ಆದರೆ ಪುಸ್ತಕವನ್ನು ಕೈಗೆತ್ತಿಕೊಂಡ ವ್ಯಕ್ತಿಗೆ ಎಂಟು ವರ್ಷವೋ, ಹದಿನೆಂಟೋ, ಎಂಬತ್ತೋ ಎಂಬ ಸರಳ ಪ್ರಶ್ನೆಯನ್ನು ನಮ್ಮ ಸಂಶೋಧನೆ ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ. ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ‘ಸಹೃದಯ’ನಿಗೆ ಸಂಸ್ಕಾರವಿದೆ, ಅಭಿರುಚಿಯಿದೆ, ವಯಸ್ಸು ಮಾತ್ರ ಇಲ್ಲ.

ಈ ಮಾತನ್ನು ಹೇಳಲು ಒಂದು ವೈಯಕ್ತಿಕ ಕಾರಣವಿದೆ. ಕಳೆದ ವರ್ಷ ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ದಾನಿಯೊಬ್ಬರಿಂದ ಸ್ವಲ್ಪ ಹಣ ಬಂದಿತ್ತು. ಅಲ್ಲಿನ ಮೇಲ್ವಿಚಾರಕರು, ‘ನೀವು ಕನ್ನಡವನ್ನೇ ಓದಿದವರು, ಸಣ್ಣ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಆಗುವಂಥ ನೂರೈವತ್ತು ಪುಸ್ತಕಗಳನ್ನು ಆರಿಸಿಕೊಡಿ’ ಎಂದು ಕೇಳಿದರು. ಒಪ್ಪಿಕೊಂಡೆ. ಒಂದು ಗಂಟೆಯೊಳಗೆ ತೊಂಬತ್ತು ಹೆಸರುಗಳು ಸಲೀಸಾಗಿ ಬಂದವು. ಅವೆಲ್ಲವೂ ಸ್ನಾತಕೋತ್ತರ ಪಠ್ಯಕ್ರಮದಲ್ಲೋ ಅದರ ಅಂಚಿನಲ್ಲೋ ಇರುವ ಕೃತಿಗಳೆಂಬುದು ಅನಂತರ ಹೊಳೆಯಿತು. ಎಂಟರಿಂದ ಹದಿನಾಲ್ಕರ ವಯಸ್ಸಿನವರ ಸಾಲಿಗೆ ಬಂದಾಗ, ಬಾಲ್ಯದಲ್ಲಿ ನಾನೇ ಓದಿದ್ದ ಏಳೆಂಟು ಪುಸ್ತಕಗಳ ಆಚೆಗೆ ಲೇಖನಿ ಚಲಿಸಲಿಲ್ಲ. ಐವತ್ತು ದಾಟಿದ ಮೇಲೆ ಅಕ್ಷರ ಕಲಿತ ಕೆಲವು ಹೆಂಗಸರೂ ಆ ಗ್ರಂಥಾಲಯಕ್ಕೆ ಬರುತ್ತಾರೆ. ಅವರಿಗಾಗಿ ಒಂದು ಹೆಸರೂ ನನ್ನಲ್ಲಿರಲಿಲ್ಲ. ಕನ್ನಡದಲ್ಲಿ ಪದವಿಗಳನ್ನು ಪಡೆದು, ಐದು ವರ್ಷಗಳಿಂದ ಸಂಶೋಧನೆ ನಡೆಸುತ್ತಿರುವವರೊಬ್ಬರ ಸ್ಥಿತಿ ಇದು. ನನ್ನ ಓದಿನ ಕೊರತೆ ಇದರಲ್ಲಿ ಇದ್ದೇ ಇದೆ. ಆದರೆ ಆ ಕೊರತೆಯನ್ನು ರೂಪಿಸಿದ ಅಧ್ಯಯನಶಿಸ್ತಿನ ಬಗೆಗೂ ಯೋಚಿಸಬೇಕಾಗಿದೆ.

ಹಳೆಯ ಕನ್ನಡಕ್ಕೆ ಈ ಸಮಸ್ಯೆ ಇದ್ದಂತಿಲ್ಲ. ಪಂಚತಂತ್ರದ ಚೌಕಟ್ಟೇ ದಡ್ಡ ರಾಜಕುಮಾರರಿಗೆ ನೀತಿ ಕಲಿಸುವ ಪ್ರಸಂಗ. ಅಂದರೆ ಕೇಳುಗನ ವಯಸ್ಸು ಕೃತಿಯ ಒಳಗೇ ಇದೆ. ದುರ್ಗಸಿಂಹ ಅದನ್ನು ಪ್ರೌಢ ಚಂಪುವಾಗಿ ಬರೆದಾಗ ಕಥೆಯೊಳಗಿನ ಕೇಳುಗ ಬಾಲಕನಾಗಿಯೇ ಉಳಿದು, ಹೊರಗಿನ ಓದುಗ ಪಂಡಿತನಾದ. ಈ ಬಿರುಕನ್ನು ಕುರಿತು ನಮ್ಮಲ್ಲಿ ಹೆಚ್ಚು ಚರ್ಚೆ ನಡೆದಿಲ್ಲ. ವಸುಭಾಗನ ಪರಂಪರೆಯ ಮೂಲಶೋಧದಲ್ಲಿಯೇ ನಮ್ಮ ಶಕ್ತಿ ವ್ಯಯವಾಗಿದೆ. ಕುಮಾರವ್ಯಾಸನನ್ನು ಗಮಕಿಗಳು ವಾಚಿಸುವಾಗ ಜಗಲಿಯ ಮೇಲೆ ಅಜ್ಜನೂ ಮೊಮ್ಮಗನೂ ಒಟ್ಟಿಗೆ ಕೂಡುತ್ತಿದ್ದರು. ಕೂಲಿಮಠಗಳಲ್ಲಿ ಜೈಮಿನಿ ಭಾರತವನ್ನೂ ಸೋಮೇಶ್ವರ ಶತಕವನ್ನೂ ಬಾಯಿಪಾಠ ಮಾಡಿದ ಹುಡುಗರು ಅವುಗಳ ಅರ್ಥವನ್ನು ನಡುವಯಸ್ಸಿನಲ್ಲಿ ಕಂಡುಕೊಂಡಿರಬೇಕು. ಕಿವಿಗೆ ಒದಗುವ ಕಾವ್ಯಕ್ಕೆ ವಯಸ್ಸಿನ ಹಂಗು ಕಡಿಮೆ. ಮುದ್ರಣ ಬಂದು, ಶಾಲೆ ಬಂದು, ತರಗತಿಗೊಂದು ಪಠ್ಯ ಬಂದ ಮೇಲೆಯೇ ಓದು ವಯಸ್ಸಿಗೆ ತಕ್ಕಂತೆ ಹಂಚಿಹೋಯಿತು.

ಈ ಹಂಚಿಕೆಯನ್ನು ಆಧುನಿಕ ಕನ್ನಡದ ದೊಡ್ಡ ಲೇಖಕರು ಒಂದು ಜವಾಬ್ದಾರಿಯೆಂದೇ ಭಾವಿಸಿದ್ದರು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು, ‘ಮರಳಿ ಮಣ್ಣಿಗೆ’ 1941ರದು. ಇವೆರಡರ ನಡುವೆ, 1936ರಲ್ಲಿ, ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬಂದಿತು. ಒಬ್ಬನೇ ವ್ಯಕ್ತಿ ಮಕ್ಕಳಿಗಾಗಿ ವಿಶ್ವಕೋಶವೊಂದನ್ನು ರಚಿಸಲು ಹೊರಟದ್ದು ಸಾಹಸವಷ್ಟೇ ಆಗಿರಲಿಲ್ಲ. ಕನ್ನಡ ಗದ್ಯಕ್ಕೆ ಅದೊಂದು ಕಠಿಣ ಪರೀಕ್ಷೆಯೂ ಆಗಿತ್ತು. ನಕ್ಷತ್ರವನ್ನೋ ಜೀವಕೋಶವನ್ನೋ ಹತ್ತು ವರ್ಷದ ಮಗುವಿಗೆ ವಿವರಿಸುವಾಗ ಸಂಸ್ಕೃತ ಸಮಾಸದ ಹಿಂದೆ ಅಡಗಿಕೊಳ್ಳಲು ಸಾಧ್ಯವಿಲ್ಲ. ಕಾರಂತರ ಕಾದಂಬರಿಗಳ ನೇರವಾದ, ಅಲಂಕಾರಗಳಿಗೆ ಒಲಿಯದ ಗದ್ಯಕ್ಕೂ ಈ ಅಭ್ಯಾಸಕ್ಕೂ ಸಂಬಂಧವಿದ್ದೀತೇ? ಪುತ್ತೂರಿನ ಬಾಲವನದ ಪ್ರಯೋಗಗಳಿಗೂ ಅವರ ಗದ್ಯಕ್ಕೂ? ಕಾರಂತರ ಕಾದಂಬರಿಗಳನ್ನು ಕುರಿತ ಮಹಾಪ್ರಬಂಧಗಳಿಗೆ ನಮ್ಮಲ್ಲಿ ಬರವಿಲ್ಲ. ನಾನು ಓದಿದವುಗಳಲ್ಲಿ ಮಾತ್ರ ‘ಬಾಲ ಪ್ರಪಂಚ’ ಕಾಣಿಸಿಕೊಂಡದ್ದು ಅನುಬಂಧದ ಕೃತಿಸೂಚಿಯಲ್ಲಿ.

ಇದಕ್ಕಿಂತಲೂ ನನ್ನನ್ನು ಕಾಡಿದ ಉದಾಹರಣೆ ನಿರಂಜನ ಮತ್ತು ಅನುಪಮಾ ನಿರಂಜನ ದಂಪತಿಗಳದು. ನಿರಂಜನರು ಪ್ರಧಾನ ಸಂಪಾದಕರಾಗಿ ಕಿರಿಯರ ವಿಶ್ವಕೋಶವಾದ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳನ್ನು ರೂಪಿಸಿದರು, ಮುಂದೆ ನವಕರ್ನಾಟಕ ಪ್ರಕಾಶನಕ್ಕಾಗಿ ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿದರು. ಕಿರಿಯರ ವಿಶ್ವಕೋಶವನ್ನು ಓದಿ ಬೆಳೆದ ಹುಡುಗ ಪ್ರಾಯಕ್ಕೆ ಬಂದಾಗ ಜಗತ್ತಿನ ಕಥೆಗಳು ಅವನಿಗಾಗಿ ಕಾದಿದ್ದವು. ಅನುಪಮಾ ಅವರ ಬರವಣಿಗೆಯಲ್ಲಿ ಈ ಕ್ರಮ ಇನ್ನೂ ಸ್ಪಷ್ಟ. ಮಕ್ಕಳಿಗೆ ಹನ್ನೆರಡು ಸಂಪುಟಗಳ ‘ದಿನಕ್ಕೊಂದು ಕಥೆ’, ಹರೆಯದ ಹುಡುಗಿಯರಿಗೆ ‘ಕೇಳು ಕಿಶೋರಿ’, ಮದುವೆಯಾಗುವವಳಿಗೆ ‘ವಧುವಿಗೆ ಕಿವಿಮಾತು’, ಬಸುರಿ ಬಾಣಂತಿಯರಿಗೆ ‘ತಾಯಿ ಮಗು’. ಇವೆಲ್ಲದರ ಜೊತೆಗೆ ಕಾದಂಬರಿಗಳು. ಒಬ್ಬ ಹೆಣ್ಣುಮಗಳ ಬಾಳಿನ ಒಂದೊಂದು ಘಟ್ಟದಲ್ಲಿಯೂ ಅವಳ ಕೈಗೆ ಕನ್ನಡದ ಪುಸ್ತಕವೊಂದು ಸಿಗುವಂತೆ ಒಬ್ಬ ವೈದ್ಯ ಲೇಖಕಿ ಬರೆದುಕೊಂಡು ಹೋದರು. ಮುಟ್ಟು, ಬಸಿರುಗಳ ಬಗೆಗೆ ತಾಯಿಯೇ ಮಗಳೊಡನೆ ಬಾಯಿಬಿಟ್ಟು ಮಾತನಾಡಲು ಹಿಂಜರಿಯುತ್ತಿದ್ದ ಮನೆಗಳಲ್ಲಿ ಈ ಪುಸ್ತಕಗಳು ಏನು ಕೆಲಸ ಮಾಡಿರಬಹುದೆಂದು ಊಹಿಸಿಕೊಳ್ಳಬಹುದು.

ಈ ಶ್ರೇಣಿಗೆ ಮಿತಿಯೂ ಇದೆ. ಓದುವ ಹೆಣ್ಣಿನ ವಯಸ್ಸನ್ನು ಅದು ಮದುವೆ ಹಾಗೂ ಹೆರಿಗೆಗಳ ಗುರುತಿನಿಂದಲೇ ಅಳೆಯುತ್ತದೆ. ಇವೆರಡನ್ನೂ ಒಲ್ಲದ ಹೆಣ್ಣಿಗೆ, ಅಥವಾ ಇವೆರಡನ್ನೂ ದಾಟಿ ಮುದುಕಿಯಾದವಳಿಗೆ ಅಲ್ಲಿ ಜಾಗವಿದೆಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸ್ತ್ರೀವಾದಿ ವಿಮರ್ಶೆ ಎತ್ತಬೇಕಾದ ಪ್ರಶ್ನೆಯಿದು. ಆದರೆ ಅದನ್ನು ಎತ್ತಬೇಕಾದರೂ ಈ ಪುಸ್ತಕಗಳನ್ನು ಸಾಹಿತ್ಯವೆಂದು ಓದಬೇಕಷ್ಟೆ. ‘ಮಾಧವಿ’ಯನ್ನು ತರಗತಿಯಲ್ಲಿ ಮೂರು ವಾರ ಚರ್ಚಿಸಿದ ನಮಗೆ ‘ಕೇಳು ಕಿಶೋರಿ’ಯ ಹೆಸರನ್ನು ಯಾರೂ ಹೇಳಿರಲಿಲ್ಲ. ಅದರ ಪ್ರತಿಯೊಂದು ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ಒಳಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಅಮ್ಮನಿಗೆ ತೋರಿಸಬೇಡ’ ಎಂದು ಬರೆದಿದ್ದರು.

ಪುಸ್ತಕಮಾಲೆಗಳ ವಿಷಯವೂ ಇದೇ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಗೆಗಳು ತರಗತಿಯ ಹೊರಗಿನ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ ಭಾರತಿ ಪುಸ್ತಕ ಸಂಪದ’ದಲ್ಲಿ ಐನೂರಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಬಂದವು, ಅದರ ಆಯ್ಕೆಯ ಹಿಂದಿನ ದೃಷ್ಟಿಯನ್ನು ಒಪ್ಪದವರೂ ಅದರ ವ್ಯಾಪ್ತಿಯನ್ನು ಅಲ್ಲಗಳೆಯಲಾರರು. ಇನ್ನೊಂದು ಬದಿಯಲ್ಲಿ ಮಾಸ್ಕೋದಲ್ಲಿ ಮುದ್ರಣಗೊಂಡು ಬಂದ, ಕಡಿಮೆ ಬೆಲೆಯ ಕನ್ನಡ ಪುಸ್ತಕಗಳಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅವು ಬರುವುದು ನಿಂತಿತು. ಎರಡು ವಿರುದ್ಧ ವಿಚಾರಧಾರೆಗಳೂ ಕನ್ನಡದ ಮಗುವನ್ನು ತಮ್ಮ ಓದುಗನೆಂದು ಗುರುತಿಸಿದ್ದವು ಎಂಬುದು ಕುತೂಹಲಕರ. ಗುರುತಿಸದೆ ಉಳಿದವರು ನಾವು.

‘ವಯಸ್ಸಿಗೆ ತಕ್ಕ ಪುಸ್ತಕ’ವೆಂಬುದು ಮಾರುಕಟ್ಟೆಯ ವರ್ಗೀಕರಣ, ಒಳ್ಳೆಯ ಕೃತಿ ಎಲ್ಲ ವಯಸ್ಸಿಗೂ ಸಲ್ಲುತ್ತದೆ ಎಂಬ ಆಕ್ಷೇಪಣೆ ಬರಬಹುದು. ಪೂರ್ಣಚಂದ್ರ ತೇಜಸ್ವಿಯವರ ಉದಾಹರಣೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ. ನಮ್ಮೂರಿನ ಗ್ರಂಥಾಲಯದಲ್ಲಿಯೂ ‘ಪರಿಸರದ ಕತೆ’ ಮತ್ತು ‘ಕರ್ವಾಲೊ’ಗಳ ಪ್ರತಿಗಳೇ ಹೆಚ್ಚು ಹರಿದಿದ್ದವು, ಏಳನೆಯ ತರಗತಿಯ ಹುಡುಗನೂ ನಿವೃತ್ತ ಅಂಚೆಯಣ್ಣನೂ ಒಂದೇ ಪ್ರತಿಗಾಗಿ ಸರದಿ ಕಾಯುತ್ತಾರೆ. ಆದರೆ ಈ ಉದಾಹರಣೆ ಆಕ್ಷೇಪಣೆಗಿಂತ ನನ್ನ ವಾದವನ್ನೇ ಪೋಷಿಸುತ್ತದೆ. ತೇಜಸ್ವಿ ‘ಕರ್ವಾಲೊ’ ಬರೆದು ಸುಮ್ಮನಾಗಲಿಲ್ಲ. ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು, ಮಿಲೆನಿಯಂ ಮಾಲೆಯ ಹದಿನಾರು ಪುಸ್ತಕಗಳನ್ನು ಬರೆದರು. ಓದುಗನನ್ನು ‘ಕರ್ವಾಲೊ’ದ ಬಾಗಿಲಿಗೆ ತಂದು ನಿಲ್ಲಿಸುವ ಮೆಟ್ಟಿಲುಗಳನ್ನು ಅವರೇ ಕಟ್ಟಿದರು. ನಮ್ಮ ವಿಮರ್ಶೆ ಬಾಗಿಲನ್ನು ಹೊಗಳಿತು, ಮೆಟ್ಟಿಲುಗಳನ್ನು ‘ಜನಪ್ರಿಯ ಬರವಣಿಗೆ’ಯೆಂದು ಬದಿಗಿಟ್ಟಿತು.

ಪರಿಸ್ಥಿತಿ ಸ್ವಲ್ಪ ಬದಲಾಗಿದೆ ಎನ್ನುವವರಿದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ನೀಡುತ್ತಿದೆ. ಮೊದಲ ವರ್ಷವೇ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ ಅದು ಸಂದಿತು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಉಚಿತ ಸದಸ್ಯರಾಗಿದ್ದಾರೆ. ಮಕ್ಕಳು ಬಂದರು, ಅವರಿಗೆ ಯಾವ ಪುಸ್ತಕ ಕೊಡಬೇಕೆಂದು ಹೇಳಬೇಕಾದವರು ಯಾರು? ಹೇಳಬಲ್ಲ ತರಬೇತಿ ಕನ್ನಡ ವಿಭಾಗಗಳಲ್ಲಿ ಸಿಗುತ್ತಿಲ್ಲ. ಎಲ್ಲೋ ಕೆಲವೆಡೆ ಮಕ್ಕಳ ಸಾಹಿತ್ಯ ಐಚ್ಛಿಕ ಪತ್ರಿಕೆಯಾಗಿದ್ದರೂ ಅದು ಪಂಜೆಯವರಿಂದ ಆರಂಭವಾಗಿ ರಾಜರತ್ನಂ ಅವರಲ್ಲಿ ಮುಗಿಯುವ ಒಂದು ಚರಿತ್ರೆಯ ಅಧ್ಯಾಯವಾಗಿ ಉಳಿಯುತ್ತದೆ. ಹೊಸದಾಗಿ ಅಕ್ಷರ ಕಲಿತ ವಯಸ್ಕರ ಓದಂತೂ ಸಾಹಿತ್ಯದ ವಿಷಯವೇ ಅಲ್ಲ, ಶಿಕ್ಷಣ ಇಲಾಖೆಯ ವಿಷಯವೆಂದು ನಾವು ನಂಬಿದ್ದೇವೆ. ಮುದುಕರಿಗೆ ಅಧ್ಯಾತ್ಮದ ಪುಸ್ತಕ ಸಾಕೆಂಬ ತೀರ್ಮಾನವನ್ನು ಯಾರು, ಯಾವಾಗ ಮಾಡಿದರೋ ತಿಳಿಯದು. ನನ್ನ ಅಜ್ಜಿ ತನ್ನ ಎಪ್ಪತ್ತೆಂಟರಲ್ಲಿ ಓದಲು ಬಯಸುತ್ತಿದ್ದುದು ತ್ರಿವೇಣಿಯವರ ಕಾದಂಬರಿಗಳನ್ನು. ಅಕ್ಷರ ಸಣ್ಣದೆಂಬುದೊಂದೇ ಅವಳ ದೂರು.

ಸ್ನಾತಕೋತ್ತರ ವಿದ್ಯಾರ್ಥಿಗಳು ಬರೆಯುವ ಕಿರುಪ್ರಬಂಧಗಳಲ್ಲಿ ವರ್ಷಕ್ಕೆ ಒಂದೆರಡಾದರೂ ಇಂಥ ಟಿಪ್ಪಣಿಸಹಿತ ಆಯ್ಕೆಪಟ್ಟಿಗಳಾಗಬಹುದು. ಒಂದು ತಾಲ್ಲೂಕಿನ ಒಂದು ಗ್ರಂಥಾಲಯವನ್ನು ತೆಗೆದುಕೊಂಡು, ಅಲ್ಲಿ ಯಾವ ವಯಸ್ಸಿನವರು ಯಾವ ಪುಸ್ತಕವನ್ನು ಎರವಲು ಪಡೆದರು, ಯಾವುದನ್ನು ಓದದೆ ಹಿಂದಿರುಗಿಸಿದರು ಎಂಬುದನ್ನು ದಾಖಲಿಸಿದರೂ ಅದು ಸಂಶೋಧನೆಯೇ. ಹಳೆಯ ಹಸ್ತಪ್ರತಿಯೊಂದರ ಪಾಠಾಂತರಗಳನ್ನು ಗುರುತಿಸಲು ಬೇಕಾದಷ್ಟೇ ತಾಳ್ಮೆ ಇದಕ್ಕೂ ಬೇಕು. ಆಯ್ಕೆಯೆಂಬುದು ವಿಮರ್ಶೆಯ ಕೊನೆಯ ಫಲವೆಂದು ತಿಳಿದಿರುವ ನಾವು, ಆಯ್ಕೆ ಮಾಡಿಕೊಡಿ ಎಂದು ಒಬ್ಬ ಮೇಲ್ವಿಚಾರಕ ಕೇಳಿದಾಗ ಅದನ್ನು ಗುಮಾಸ್ತಿಕೆಯೆಂದು ತಿಳಿಯುವುದು ವಿಚಿತ್ರ. ಹಾಗೆ ತಿಳಿದವರಲ್ಲಿ ಮೊದಮೊದಲು ನಾನೂ ಇದ್ದೆ.

ಕೊನೆಗೆ ನಾನು ಒಪ್ಪಿಸಿದ ಪಟ್ಟಿಯಲ್ಲಿ ನೂರ ಮೂವತ್ತೆರಡು ಹೆಸರುಗಳಿದ್ದವು. ಉಳಿದ ಹದಿನೆಂಟನ್ನು ಖಾಲಿ ಬಿಟ್ಟು, ಮಕ್ಕಳನ್ನೂ ಆ ಹೆಂಗಸರನ್ನೂ ಕೇಳಿ ತುಂಬಿಸಿಕೊಳ್ಳಿ ಎಂದು ಬರೆದುಕೊಟ್ಟೆ. ಅವರು ಕೇಳಿದರಂತೆ, ತುಂಬಿಸಿದರಂತೆ. ಯಾವ ಪುಸ್ತಕಗಳು ಬಂದಿವೆಯೆಂದು ಈ ದಸರಾ ರಜೆಯಲ್ಲಿ ಊರಿಗೆ ಹೋದಾಗ ನೋಡಬೇಕು.